ಒಳ್ಳೆಯ ರ‍್ಯಾಂಕ್ ಬಂದ ಮೇಲೆ: ಎಂಬಿಬಿಎಸ್‌ಗೆ ದೆಹಲಿಯೋ, ಬೆಂಗಳೂರೋ, ವೆಲ್ಲೂರೋ?

ಎಲ್ಲಾದರೂ ಒಂದು ಸರ್ಕಾರಿ ಸೀಟು ಖಚಿತವಾಗಿ ಸಿಗುವಷ್ಟು ಮೇಲಿನ ನೀಟ್ ರ‍್ಯಾಂಕ್ ಪಡೆದ ಕರ್ನಾಟಕದ ವಿದ್ಯಾರ್ಥಿಗಳನ್ನೂ ಅವರ ತಂದೆತಾಯಿಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಸೀಟು ಸಿಕ್ಕೀತೋ ಇಲ್ಲವೋ ಎಂದು ತವಕಿಸುವವರಿಗೆ ಸಲಹೆ ಹೇಳುವವರು ಬಹಳ ಮಂದಿ ಇದ್ದಾರೆ. ಹತ್ತಾರು ಕಡೆ ಸೀಟು ಸಿಗಬಹುದಾದ ವಿದ್ಯಾರ್ಥಿಗೆ ಮಾತ್ರ "ನಿನಗೇನಪ್ಪಾ, ಎಲ್ಲಿ ಬೇಕಾದರೂ ಸಿಗುತ್ತದೆ" ಎಂಬ ಒಂದು ಮಾತು ಬಿಟ್ಟರೆ ಬೇರೇನೂ ದೊರೆಯುವುದಿಲ್ಲ. ವೈದ್ಯಕೀಯ ಕಾಲೇಜೊಂದರಲ್ಲಿ ಪಾಠ ಹೇಳುವ ನನ್ನ ಬಳಿಗೆ ಪ್ರತಿ ವರ್ಷ ಪರಿಚಿತರ ಮಕ್ಕಳು ಕಾಲೇಜುಗಳ ಪಟ್ಟಿ ಹಿಡಿದು ಬರುತ್ತಾರೆ. ಹಿಂದಿನ ವರ್ಷ ಯಾವ ಕಾಲೇಜಿನ ಸೀಟು ಎಷ್ಟನೇ ರ‍್ಯಾಂಕಿಗೆ ಮುಗಿಯಿತು ಎಂಬುದನ್ನು ನೋಡಿ, ಮೇಲಿನದನ್ನು ಮೇಲೆ, ಕೆಳಗಿನದನ್ನು ಕೆಳಗೆ ಬರೆದ ಪಟ್ಟಿ ಅದು. ಅದನ್ನು ಕಂಡಾಗಲೆಲ್ಲ ನನಗೆ ಅನ್ನಿಸುವುದು ಒಂದೇ: ಹಿಂದಿನ ವರ್ಷದ ಮಕ್ಕಳ ಆಸೆಗಳನ್ನು ಈ ಹುಡುಗ ಅಥವಾ ಹುಡುಗಿ ನಕಲು ಮಾಡಿಕೊಂಡು ಬಂದಿದ್ದಾರೆ, ಅದರಲ್ಲಿ ಇವರದೇ ಬದುಕಿನ ಲೆಕ್ಕ ಎಲ್ಲಿಯೂ ಇಲ್ಲ.

ಮೊದಲು ಅಂಕದ ಭ್ರಮೆಯನ್ನು ಬಿಡಬೇಕು. 720ಕ್ಕೆ ಎಷ್ಟು ಬಂತು ಎಂಬುದರಿಂದ ಯಾವ ಕಾಲೇಜು ಎಂಬುದನ್ನು ಊಹಿಸಲಾಗದು. 2024ರಲ್ಲಿ ಅಂತಿಮ ಪರಿಷ್ಕರಣೆಯ ನಂತರವೂ 17 ಮಂದಿಗೆ ಪೂರ್ಣ 720 ಅಂಕ ಇತ್ತು. 2025ರಲ್ಲಿ ಪ್ರಶ್ನೆಪತ್ರಿಕೆ ಕಠಿಣವಾಗಿ, ದೇಶಕ್ಕೆ ಮೊದಲಿಗರಾದವರ ಅಂಕವೇ 686. ಆದ್ದರಿಂದ ಅಣ್ಣನ ಅಂಕ, ಅಕ್ಕನ ಅಂಕ ಇಟ್ಟುಕೊಂಡು ಹೋಲಿಸದೆ, ಅಖಿಲ ಭಾರತ ರ‍್ಯಾಂಕ್, ವರ್ಗವಾರು ರ‍್ಯಾಂಕ್ ಮತ್ತು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಕೊಡುವ ರಾಜ್ಯದ ರ‍್ಯಾಂಕ್, ಈ ಮೂರನ್ನು ಮುಂದಿಟ್ಟುಕೊಂಡು ಕೂರಬೇಕು.

ಎರಡು ಬಾಗಿಲುಗಳು

ಕರ್ನಾಟಕದ ವಿದ್ಯಾರ್ಥಿಗೆ ಸೀಟು ಬರುವ ದಾರಿ ಮುಖ್ಯವಾಗಿ ಎರಡು. ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ, ಅಂದರೆ ಎಂಸಿಸಿ, ಎಲ್ಲ ರಾಜ್ಯಗಳ ಸರ್ಕಾರಿ ಕಾಲೇಜುಗಳ ಶೇಕಡ 15ರಷ್ಟು ಅಖಿಲ ಭಾರತ ಕೋಟಾದ ಸೀಟುಗಳನ್ನೂ, ಕೇಂದ್ರ ಸರ್ಕಾರದ ವೈದ್ಯಕೀಯ ಸಂಸ್ಥೆಗಳಾದ ಏಮ್ಸ್ ಮತ್ತು ಜಿಪ್ಮರ್‌ಗಳ ಸೀಟುಗಳನ್ನೂ, ವಿಶ್ವವಿದ್ಯಾಲಯದ ಸ್ಥಾನಮಾನ ಪಡೆದ ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟುಗಳನ್ನೂ ಹಂಚುತ್ತದೆ. ನಮ್ಮ ಕೆಇಎ ರಾಜ್ಯದ ಸರ್ಕಾರಿ ಕಾಲೇಜುಗಳ ಉಳಿದ ಶೇಕಡ 85ರಷ್ಟು ಸೀಟುಗಳನ್ನೂ, ಖಾಸಗಿ ಕಾಲೇಜುಗಳ ಸೀಟುಗಳನ್ನೂ ಹಂಚುತ್ತದೆ. ಮೇಲಿನ ರ‍್ಯಾಂಕ್ ಇದ್ದವರು ಎರಡರಲ್ಲಿಯೂ ನೋಂದಾಯಿಸಿಕೊಳ್ಳಲೇಬೇಕು.

ಈ ಎರಡು ಬಾಗಿಲುಗಳಲ್ಲಿ ಒಬ್ಬನೇ ವಿದ್ಯಾರ್ಥಿಯ ಮೀಸಲಾತಿ ಬೇರೆ ಬೇರೆಯಾಗಿರಬಹುದು ಎಂಬುದನ್ನು ಬಹಳ ಕುಟುಂಬಗಳು ತಡವಾಗಿ ತಿಳಿಯುತ್ತವೆ. ಕೆಇಎಯಲ್ಲಿ 2ಎ, 2ಬಿ, 3ಎ, 3ಬಿ, ಪ್ರವರ್ಗ-1 ಎಂಬ ರಾಜ್ಯದ ಪಟ್ಟಿ ನಡೆಯುತ್ತದೆ. ಎಂಸಿಸಿಯಲ್ಲಿ ನಡೆಯುವುದು ಕೇಂದ್ರದ ಹಿಂದುಳಿದ ವರ್ಗಗಳ ಪಟ್ಟಿ ಮಾತ್ರ. ರಾಜ್ಯದಲ್ಲಿ ಹಿಂದುಳಿದ ವರ್ಗವೆಂದು ಎಣಿಸಲಾಗುವ ಕೆಲವು ಸಮುದಾಯಗಳು ಕೇಂದ್ರದ ಪಟ್ಟಿಯಲ್ಲಿಲ್ಲ. ಅಂಥ ಕುಟುಂಬದ ಆದಾಯ ಮತ್ತು ಆಸ್ತಿ ಮಿತಿಯೊಳಗಿದ್ದರೆ, ಅವರ ಮಗ ಅಥವಾ ಮಗಳು ಅಖಿಲ ಭಾರತ ಕೋಟಾದಲ್ಲಿ ಆರ್ಥಿಕವಾಗಿ ದುರ್ಬಲ ವರ್ಗದ ಶೇಕಡ 10ರ ಮೀಸಲಾತಿಗೆ ಅರ್ಹರಾಗಬಹುದು. ಇನ್ನು ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇಕಡ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5 ಎಂಬ ಸೌಲಭ್ಯ ಕೆಇಎಯಲ್ಲಿ ಮಾತ್ರ ಉಂಟು. ಸಂವಿಧಾನದ 371ಜೆ ವಿಧಿಯ ಅಡಿಯಲ್ಲಿ ಕಲ್ಯಾಣ ಕರ್ನಾಟಕದ ವಿದ್ಯಾರ್ಥಿಗಳಿಗೆ ಆ ಭಾಗದ ಕಾಲೇಜುಗಳಲ್ಲಿ ಶೇಕಡ 70, ರಾಜ್ಯದ ಉಳಿದ ಭಾಗದಲ್ಲಿ ಶೇಕಡ 8 ಸೀಟುಗಳು ಮೀಸಲು. ಸೇಡಂ ಅಥವಾ ಸಿಂಧನೂರಿನ ಒಬ್ಬ ವಿದ್ಯಾರ್ಥಿನಿಗೆ ಅಖಿಲ ಭಾರತ ಕೋಟಾದಲ್ಲಿ ದೂರವೆನಿಸುವ ಬೆಂಗಳೂರು ಮೆಡಿಕಲ್ ಕಾಲೇಜು ಕೆಇಎಯ ಬಾಗಿಲಿನಿಂದ ಹತ್ತಿರವಾಗುವುದು ಹೀಗೆ.

ಬೆಂಗಳೂರು ಮೆಡಿಕಲ್ ಕಾಲೇಜಿನ ಸೀಟು ಎರಡೂ ಕಡೆಯಿಂದ ಸಿಗುವ ಹಾಗಿದ್ದರೆ ಯಾವುದನ್ನು ತೆಗೆದುಕೊಳ್ಳಬೇಕು? ತರಗತಿ ಒಂದೇ, ವಾರ್ಡು ಒಂದೇ, ಪದವಿ ಒಂದೇ. ಆದರೆ ಉಳಿದುಹೋದ ಅಖಿಲ ಭಾರತ ಕೋಟಾದ ಸೀಟುಗಳು ರಾಜ್ಯಕ್ಕೆ ಹಿಂತಿರುಗುವ ಹಳೆಯ ಪದ್ಧತಿ ಈಗ ಇಲ್ಲ. ಕರ್ನಾಟಕದ ಮೇಲಿನ ರ‍್ಯಾಂಕಿನ ವಿದ್ಯಾರ್ಥಿ ಅಖಿಲ ಭಾರತ ಕೋಟಾದ ಸೀಟನ್ನು ಹಿಡಿದರೆ, ಅವನು ರಾಜ್ಯದ ಕೋಟಾದಲ್ಲಿ ತೆಗೆದುಕೊಳ್ಳುತ್ತಿದ್ದ ಸೀಟು ನಮ್ಮದೇ ರಾಜ್ಯದ ಇನ್ನೊಬ್ಬರಿಗೆ ಉಳಿಯುತ್ತದೆ. ಶುಲ್ಕ ವಿನಾಯಿತಿಯನ್ನೋ ವಿದ್ಯಾರ್ಥಿವೇತನವನ್ನೋ ನೆಚ್ಚಿಕೊಂಡವರು ಮಾತ್ರ, ಯಾವ ಸೀಟಿಗೆ ಅದು ಅನ್ವಯಿಸುತ್ತದೆ ಎಂದು ಮೊದಲೇ ಕೇಳಿ ತಿಳಿಯಬೇಕು.

ದೆಹಲಿಯ ಏಮ್ಸ್ ಮತ್ತು ಉಳಿದ ರಾಷ್ಟ್ರೀಯ ಸಂಸ್ಥೆಗಳು

1956ರ ಕಾಯಿದೆಯಿಂದ ಹುಟ್ಟಿದ ದೆಹಲಿಯ ಏಮ್ಸ್‌ನಲ್ಲಿ ಭಾರತೀಯ ವಿದ್ಯಾರ್ಥಿಗಳಿಗೆ ಇರುವುದು 125 ಎಂಬಿಬಿಎಸ್ ಸೀಟು. ಮೀಸಲಾತಿ ಕಳೆದರೆ ಮುಕ್ತವಾಗಿ ಉಳಿಯುವುದು ಸುಮಾರು 50. ಇತ್ತೀಚಿನ ವರ್ಷಗಳಲ್ಲಿ ಅವು ದೇಶದ ಮೊದಲ 50-60 ರ‍್ಯಾಂಕುಗಳ ಆಸುಪಾಸಿನಲ್ಲೇ ಮುಗಿದುಹೋಗುತ್ತಿವೆ. ಇಡೀ ಕೋರ್ಸಿನ ಬೋಧನಾ ಶುಲ್ಕ ಕೆಲವೇ ಸಾವಿರ ರೂಪಾಯಿ. ತರಗತಿ ಚಿಕ್ಕದು, ಸಂಶೋಧನೆ ಮಾಡುವ ಅಧ್ಯಾಪಕರು ಬೇಕಾದಷ್ಟು, ವೈದ್ಯಶಾಸ್ತ್ರದ ಯಾವ ಉಪವಿಭಾಗದ ಹೆಸರು ಹೇಳಿದರೂ ಅದು ಅದೇ ಆವರಣದಲ್ಲಿ ಇರುತ್ತದೆ. ಇಲ್ಲಿ ಸೀಟು ಸಿಕ್ಕಿದ ವಿದ್ಯಾರ್ಥಿಗೆ, ಮನೆಯ ಪರಿಸ್ಥಿತಿ ಅಥವಾ ಆರೋಗ್ಯದ ಗಟ್ಟಿಯಾದ ಕಾರಣವಿಲ್ಲದಿದ್ದರೆ, ಹೋಗು ಎಂದೇ ಹೇಳುತ್ತೇನೆ. ಇಲ್ಲಿ ಹೋಲಿಕೆಗೆ ಹೆಚ್ಚು ಜಾಗವಿಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಕೊಡಬೇಕು. ದೊಡ್ಡ ರೆಫರಲ್ ಆಸ್ಪತ್ರೆಗೆ ಬರುವ ರೋಗಿ ಅನೇಕ ವೇಳೆ ಇತರ ಆಸ್ಪತ್ರೆಗಳನ್ನು ಸುತ್ತಿ, ಕಾಯಿಲೆಯ ಹೆಸರನ್ನು ಹೊತ್ತುಕೊಂಡೇ ಬಂದಿರುತ್ತಾನೆ. ಸಾಮಾನ್ಯ ಜ್ವರ, ಸಾಮಾನ್ಯ ಹೆರಿಗೆ, ಹಾವು ಕಡಿತ, ಕೀಟನಾಶಕ ಕುಡಿದವರು ನಡುರಾತ್ರಿ ಬಂದಾಗ ಮೊದಲ ಹದಿನೈದು ನಿಮಿಷ ಏನು ಮಾಡಬೇಕೆಂಬುದನ್ನು ಕೈಯಿಂದ ಕಲಿಯುವ ಅವಕಾಶ ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ಹೆಚ್ಚು. ಏಮ್ಸ್‌ಗೆ ಹೋಗುವವರು ಆ ಕೊರತೆಯನ್ನು ತುಂಬಿಕೊಳ್ಳುವ ಮನಸ್ಸು ಇಟ್ಟುಕೊಂಡು ಹೋಗಬೇಕು.

ನಿಜವಾದ ಗೊಂದಲ ಅದರ ಕೆಳಗಿನ ಮೆಟ್ಟಿಲಿನಲ್ಲಿದೆ. 2012ರಲ್ಲಿ ಎಂಬಿಬಿಎಸ್ ಆರಂಭಿಸಿದ ಭೋಪಾಲ, ಭುವನೇಶ್ವರ, ಜೋಧಪುರ, ಪಟ್ನಾ, ರಾಯಪುರ ಮತ್ತು ಋಷಿಕೇಶದ ಏಮ್ಸ್‌ಗಳು ಈಗ ನೆಲೆ ನಿಂತ ಸಂಸ್ಥೆಗಳು. ಆಮೇಲೆ ಬಂದ ನಾಗಪುರ, ಮಂಗಳಗಿರಿ, ಬೀಬಿನಗರದಂಥವು ಇನ್ನೂ ಬೆಳೆಯುತ್ತಿವೆ. ಕರ್ನಾಟಕದಲ್ಲಿ ಏಮ್ಸ್ ಇಲ್ಲ. ರಾಯಚೂರಿಗೆ ಬೇಕೆಂದು ಅಲ್ಲಿನ ಜನ ವರ್ಷಗಟ್ಟಲೆ ಹೋರಾಡುತ್ತಿರುವುದನ್ನು ಎಲ್ಲರೂ ಬಲ್ಲರು. ಹಾಗಾಗಿ ನಮ್ಮ ಮಕ್ಕಳಿಗೆ ಏಮ್ಸ್ ಎಂದರೆ ರಾಜ್ಯ ಬಿಡುವುದೇ. ಹೊಸ ಏಮ್ಸ್ ಒಂದನ್ನು ಬೆಂಗಳೂರು ಅಥವಾ ಮೈಸೂರಿನ ಹಳೆಯ ಕಾಲೇಜಿಗಿಂತ ಮೇಲೆ ಇಡುವ ಮುನ್ನ ಮೂರು ಸಂಗತಿಗಳನ್ನು ಅಲ್ಲಿ ಈಗ ಓದುತ್ತಿರುವವರಿಂದಲೇ ಕೇಳಬೇಕು. ಆಸ್ಪತ್ರೆಯ ಹಾಸಿಗೆಗಳಲ್ಲಿ ಎಷ್ಟು ತುಂಬಿರುತ್ತವೆ? ರಾತ್ರಿ ಪಾಳಿಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಎಂಥ ರೋಗಿಗಳು ಬರುತ್ತಾರೆ? ಹೃದಯ, ನರ, ಮೂತ್ರಪಿಂಡದಂಥ ವಿಭಾಗಗಳಲ್ಲಿ ಖಾಯಂ ಅಧ್ಯಾಪಕರು ಎಷ್ಟು ಮಂದಿ? ಏಮ್ಸ್ ಎಂಬ ಹೆಸರೊಂದೇ ಈ ಪ್ರಶ್ನೆಗಳಿಗೆ ಉತ್ತರವಾಗುವುದಿಲ್ಲ. ಪುದುಚೇರಿಯ ಜಿಪ್ಮರ್‌ನ ಮಾತು ಬೇರೆ. ಫ್ರೆಂಚರ ಕಾಲದ ವೈದ್ಯಶಾಲೆಯಲ್ಲಿ ಬೇರಿರುವ, 2008ರಿಂದ ರಾಷ್ಟ್ರೀಯ ಪ್ರಾಮುಖ್ಯದ ಸಂಸ್ಥೆಯಾಗಿರುವ ಜಿಪ್ಮರ್‌ನಲ್ಲಿ ಶುಲ್ಕವೂ ಕಡಿಮೆ, ರೋಗಿಗಳೂ ಧಾರಾಳ, ಪಾಠಕ್ಕೂ ಒಳ್ಳೆಯ ಹೆಸರು. ದೆಹಲಿಯ ಏಮ್ಸ್ ತಪ್ಪಿದ ದಕ್ಷಿಣದ ವಿದ್ಯಾರ್ಥಿಗೆ ನಾನು ಮೊದಲು ಸೂಚಿಸುವುದು ಅದನ್ನೇ.

ದೆಹಲಿಯ ಮೌಲಾನಾ ಆಜಾದ್ ಮೆಡಿಕಲ್ ಕಾಲೇಜು, ಸಫ್ದರ್‌ಜಂಗ್ ಆಸ್ಪತ್ರೆಗೆ ಸೇರಿದ ವರ್ಧಮಾನ್ ಮಹಾವೀರ್ ಕಾಲೇಜು ಅಖಿಲ ಭಾರತ ಕೋಟಾದಲ್ಲಿ ಬಹಳ ಬೇಡಿಕೆಯುಳ್ಳವು. ರೋಗಿಗಳ ಸಂಖ್ಯೆಯಲ್ಲಾಗಲಿ ಸಹಪಾಠಿಗಳ ಮಟ್ಟದಲ್ಲಾಗಲಿ ಅವುಗಳಿಗೆ ಕೊರತೆಯಿಲ್ಲ. ಆದರೆ ಉತ್ತರದವರ ಪಟ್ಟಿಯಲ್ಲಿ ಅವು ಅಷ್ಟು ಮೇಲಿರುವುದಕ್ಕೆ ಮನೆಗೆ ಹತ್ತಿರ ಎಂಬುದೂ ಒಂದು ಕಾರಣ. ಧಾರವಾಡದ ಹುಡುಗಿಗೆ ಆ ಕಾರಣ ಇರುವುದಿಲ್ಲ.

ಬೆಂಗಳೂರು, ಮೈಸೂರು, ಹುಬ್ಬಳ್ಳಿ

1955ರಲ್ಲಿ ಆರಂಭವಾದ ಬೆಂಗಳೂರು ಮೆಡಿಕಲ್ ಕಾಲೇಜಿನಲ್ಲಿ 250 ಸೀಟುಗಳಿವೆ. ವಿಕ್ಟೋರಿಯಾ ಆಸ್ಪತ್ರೆ, ಹೆರಿಗೆ ಮತ್ತು ಮಕ್ಕಳ ವಾಣಿವಿಲಾಸ, ಕಣ್ಣಿನ ಮಿಂಟೋ, ಅಪಘಾತ ಚಿಕಿತ್ಸಾ ಕೇಂದ್ರ, ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ, ಇವೆಲ್ಲ ಕೃಷ್ಣರಾಜ ಮಾರುಕಟ್ಟೆಯ ಸುತ್ತಲಿನ ಅದೇ ಪರಿಸರದಲ್ಲಿ ಅಕ್ಕಪಕ್ಕದಲ್ಲಿವೆ. ಮೈಸೂರಿನ ಕಾಲೇಜು ಇನ್ನೂ ಹಳೆಯದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1924ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ 1930ರಲ್ಲಿ ಮೈಸೂರಿಗೆ ಬಂದದ್ದು. ಅಲ್ಲಿ 150 ಸೀಟು, ಕೆ.ಆರ್. ಆಸ್ಪತ್ರೆ, ಚೆಲುವಾಂಬ ಆಸ್ಪತ್ರೆ ಇವೆ. ಹುಬ್ಬಳ್ಳಿಯಲ್ಲಿ 1957ರಿಂದ ಇರುವ, ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಕಾಲೇಜಿಗೆ ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡದಿಂದೆಲ್ಲ ರೋಗಿಗಳು ಬರುತ್ತಾರೆ. ಸರ್ಕಾರಿ ಕಾಲೇಜಿನ ವಾರ್ಷಿಕ ಶುಲ್ಕ ಇತ್ತೀಚಿನ ವರ್ಷಗಳಲ್ಲಿ 60,000 ರೂಪಾಯಿಯ ಆಸುಪಾಸಿನಲ್ಲಿದೆ.

ಮಕ್ಕಳು ಬೆಂಗಳೂರನ್ನು ಮೇಲೆ, ಮೈಸೂರನ್ನು ಅದರ ಕೆಳಗೆ, ಹುಬ್ಬಳ್ಳಿಯನ್ನು ಇನ್ನೂ ಕೆಳಗೆ ಬರೆಯುವುದು ವಾಡಿಕೆ. ಬೆಂಗಳೂರಿನಲ್ಲಿ ವಿಭಾಗಗಳ ವೈವಿಧ್ಯವೂ, ಒಟ್ಟಿಗೆ ಓದುವವರ ಮಟ್ಟವೂ ನಿಜಕ್ಕೂ ಮೇಲು, ಅದನ್ನು ಒಪ್ಪುತ್ತೇನೆ. ಆದರೆ 250 ಮಂದಿಯ ತರಗತಿಯಲ್ಲಿ ಒಬ್ಬ ರೋಗಿಯ ಹಾಸಿಗೆಯ ಸುತ್ತ ಎಷ್ಟು ಮಂದಿ ನಿಲ್ಲುತ್ತಾರೆ ಎಂಬುದೂ ಲೆಕ್ಕಕ್ಕೆ ಬರಬೇಕು. ಹಿಂದಿನ ಸಾಲಿನಲ್ಲಿ ನಿಂತು ಕೇಳಿಸಿಕೊಳ್ಳುವ ಸ್ವಭಾವದ ವಿದ್ಯಾರ್ಥಿ ದೊಡ್ಡ ತರಗತಿಯಲ್ಲಿ ಐದು ವರ್ಷವೂ ಹಿಂದಿನ ಸಾಲಿನಲ್ಲೇ ಉಳಿದುಬಿಡುವುದನ್ನು ಕಂಡಿದ್ದೇನೆ. ಅಂಥವನಿಗೆ ಮೈಸೂರಿನ ಚಿಕ್ಕ ತರಗತಿ ಒಂದು ವರವಾದೀತು. ಮುನ್ನುಗ್ಗಿ ಕೇಳುವ, ಸಂಜೆ ಹಾಸ್ಟೆಲಿಗೆ ಹೋಗದೆ ಕ್ಯಾಶುಯಾಲ್ಟಿಯಲ್ಲಿ ನಿಲ್ಲುವ ಹುಡುಗಿಗೆ ವಿಕ್ಟೋರಿಯಾದಷ್ಟು ಕಲಿಸುವ ಜಾಗ ನಮ್ಮ ರಾಜ್ಯದಲ್ಲಿ ಬೇರೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನು ಭಾಷೆಯ ಮಾತು. ಕೆಲವು ವರ್ಷಗಳ ಹಿಂದೆ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ ಒಳ್ಳೆಯ ರ‍್ಯಾಂಕ್ ಪಡೆದ ಹುಡುಗನೊಬ್ಬ ತಾಯಿಯೊಂದಿಗೆ ನನ್ನ ಬಳಿ ಬಂದಿದ್ದ. ಉತ್ತರ ಭಾರತದ ಹೊಸ ಸಂಸ್ಥೆಯೊಂದು ಮತ್ತು ಮೈಸೂರು, ಎರಡೂ ಸಿಗುವಂತಿದ್ದವು. ನಾನು ಹಾಸಿಗೆ, ಅಧ್ಯಾಪಕರು, ಪಿಜಿ (ಸ್ನಾತಕೋತ್ತರ) ಸೀಟು ಎಂದು ವಿವರಿಸುತ್ತಿದ್ದಾಗ ಆ ತಾಯಿ ಕೇಳಿದರು: "ಅಲ್ಲಿಗೆ ಬರೋ ರೋಗಿಗಳು ಯಾವ ಮಾತಾಡ್ತಾರೆ ಸಾರ್?" ಅಲ್ಲಿಯವರೆಗೆ ನಾನು ಯಾರಿಗೂ ಸಲಹೆ ಹೇಳುವಾಗ ಆ ಪ್ರಶ್ನೆಯನ್ನು ಮೊದಲು ಇಟ್ಟಿರಲಿಲ್ಲ. ವೈದ್ಯಶಿಕ್ಷಣದ ಅರ್ಧ ಭಾಗ ರೋಗಿಯ ಬಾಯಿಂದ ಕಾಯಿಲೆಯ ಕಥೆ ಕೇಳುವುದೇ ಆಗಿದೆ. "ಎದೆ ಉರಿ", "ಎದೆ ಹಿಡ್ಕೊಂಡಂಗೆ", "ಎದೆ ನೋವು" ಎಂಬ ಮೂರು ದೂರುಗಳ ನಡುವಿನ ವ್ಯತ್ಯಾಸವನ್ನು ತನ್ನ ಭಾಷೆಯಲ್ಲಿ ಹಿಡಿಯಬಲ್ಲ ವಿದ್ಯಾರ್ಥಿಗೆ ಹಿಂದಿಯಲ್ಲೋ ತಮಿಳಿನಲ್ಲೋ ಅದೇ ಸೂಕ್ಷ್ಮ ಬರಲು ಒಂದೆರಡು ವರ್ಷ ಬೇಕು. ಅದು ಅಡ್ಡಿಯಲ್ಲ, ಶ್ರಮ. ಇಂಗ್ಲಿಷಿನ ಪಠ್ಯಕ್ಕೆ ಹೊಂದಿಕೊಳ್ಳುವ ಶ್ರಮವೂ ಅದೇ ಹೊತ್ತಿಗೆ ಬೀಳುವ ಕನ್ನಡ ಮಾಧ್ಯಮದವರು ಎರಡನ್ನೂ ಒಟ್ಟಿಗೆ ಹೊರಬೇಕೇ ಎಂದು ಯೋಚಿಸಬೇಕು. ಆ ಹುಡುಗ ಮೈಸೂರನ್ನು ಆರಿಸಿಕೊಂಡ. ಮುಂದೆ ಕರ್ನಾಟಕದಲ್ಲೇ ವೃತ್ತಿ ಮಾಡುವ ಮನಸ್ಸಿದ್ದವರಿಗೆ ಈ ಅಂಶ ಇನ್ನೂ ಭಾರವಾಗುತ್ತದೆ.

ಕರ್ನಾಟಕದ ಸರ್ಕಾರಿ ಸೀಟಿನೊಂದಿಗೆ ಕಡ್ಡಾಯ ಗ್ರಾಮೀಣ ಸೇವೆಯ ವಿಷಯವೂ ಬರುತ್ತದೆ. 2012ರ ಕಾಯಿದೆ ಒಂದು ವರ್ಷದ ಸೇವೆಯನ್ನು ವಿಧಿಸುತ್ತದೆ. ಖಾಲಿ ಹುದ್ದೆಗಳ ಲಭ್ಯತೆಗೆ ಅನುಗುಣವಾಗಿ ಅದರ ನಿಯಮಗಳು ಇತ್ತೀಚೆಗೆ ಬದಲಾಗಿವೆ. ಬೇರೆ ರಾಜ್ಯಗಳಲ್ಲಿಯೂ ಸೇವೆಯ ಕರಾರಿನ ಇಂಥ ಬಾಂಡ್‌ಗಳಿವೆ, ಅವುಗಳ ಅವಧಿಯೂ ಮುರಿದರೆ ಕಟ್ಟಬೇಕಾದ ಮೊತ್ತವೂ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಅಖಿಲ ಭಾರತ ಕೋಟಾದಲ್ಲಿ ಹೊರರಾಜ್ಯದ ಕಾಲೇಜನ್ನು ಪಟ್ಟಿಗೆ ಸೇರಿಸುವ ಮುನ್ನ ಆ ವರ್ಷದ ಬಾಂಡಿನ ಕರಾರನ್ನು ಓದದೆ ಸೇರಿಸಬಾರದು. ಒಂದು ವರ್ಷ ಹಳ್ಳಿಯ ಆಸ್ಪತ್ರೆಯಲ್ಲಿ ದುಡಿಯುವುದನ್ನು ನಾನು ನಷ್ಟವೆಂದು ಎಣಿಸುವುದಿಲ್ಲ. ಅದು ಪಿಜಿ ಪ್ರವೇಶದ ಯಾವ ಹಂತದಲ್ಲಿ ಬೀಳುತ್ತದೆ ಎಂಬುದನ್ನು ತಿಳಿದಿರಬೇಕು ಎಂಬುದಷ್ಟೇ ನನ್ನ ಮಾತು.

ಬದ್ಧತೆ ಕೇಳುವ ಕಾಲೇಜುಗಳು

ಕೆಲವು ಕಾಲೇಜುಗಳು ಸೀಟು ಕೊಡುವಾಗ ವಿದ್ಯಾರ್ಥಿಯಿಂದ ಒಂದು ಬದ್ಧತೆಯನ್ನು ಕೇಳುತ್ತವೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಅವುಗಳಲ್ಲಿ ಮೊದಲನೆಯದು. ಐಡಾ ಸ್ಕಡರ್ ಎಂಬ ವೈದ್ಯೆ 1900ರಲ್ಲಿ ಆರಂಭಿಸಿದ ಪುಟ್ಟ ಚಿಕಿತ್ಸಾಲಯದಿಂದ ಬೆಳೆದ ಸಂಸ್ಥೆ ಇದು. 1918ರಲ್ಲಿ ಹೆಣ್ಣುಮಕ್ಕಳ ವೈದ್ಯಶಾಲೆಯಾಗಿ ಆರಂಭವಾಗಿ, 1940ರ ದಶಕದಲ್ಲಿ ಪುರುಷರಿಗೂ ತೆರೆದುಕೊಂಡಿತು. 100 ಸೀಟು, ಸರ್ಕಾರಿ ಕಾಲೇಜಿನಂತೆ ಕಡಿಮೆ ಶುಲ್ಕ, ಹಾಸಿಗೆಯ ಪಕ್ಕದ ಪಾಠಕ್ಕೆ ದೇಶದಲ್ಲಿಯೇ ದೊಡ್ಡ ಹೆಸರು. ಆದರೆ ಹೆಚ್ಚಿನ ಸೀಟುಗಳು ಚರ್ಚ್‌ ಸಂಸ್ಥೆಗಳು ಪ್ರಾಯೋಜಿಸುವ ಕ್ರೈಸ್ತ ಅಭ್ಯರ್ಥಿಗಳಿಗೆ ಮೀಸಲು, ಮುಕ್ತ ಸೀಟುಗಳು ಬಹಳ ಕಡಿಮೆ. ಪ್ರಾಯೋಜಿತರು ಪದವಿಯ ನಂತರ ಎರಡು ವರ್ಷ ತಮ್ಮನ್ನು ಕಳುಹಿಸಿದ ಸಂಸ್ಥೆಯ ಆಸ್ಪತ್ರೆಯಲ್ಲಿ, ಸಾಮಾನ್ಯವಾಗಿ ಹಿಂದುಳಿದ ಪ್ರದೇಶದಲ್ಲಿ, ಸೇವೆ ಸಲ್ಲಿಸಬೇಕು. ಅರ್ಹತೆಯಿರುವ ಕುಟುಂಬಗಳು ಇದನ್ನು ದೆಹಲಿಯ ಏಮ್ಸ್‌ನ ಜೊತೆಗೇ ಇಟ್ಟು ತೂಗಬೇಕು, ಅಷ್ಟು ಒಳ್ಳೆಯ ಜಾಗ. ಇದರ ಪ್ರವೇಶ ಎಂಸಿಸಿಯ ಮೂಲಕವೂ ಕೆಇಎಯ ಮೂಲಕವೂ ನಡೆಯುವುದಿಲ್ಲ. ತಮಿಳುನಾಡಿನ ಪ್ರಕ್ರಿಯೆಗೆ ಪ್ರತ್ಯೇಕ ಅರ್ಜಿ ಹಾಕಬೇಕಾಗುತ್ತದೆ, ಮತ್ತು ಅದರ ಕೊನೆಯ ದಿನಾಂಕ ತಪ್ಪಿ ಕೈ ಹಿಸುಕಿಕೊಂಡವರನ್ನು ನಾನು ಬಲ್ಲೆ.

ಬೆಂಗಳೂರಿನ ಸೇಂಟ್ ಜಾನ್ಸ್ 1963ರಲ್ಲಿ ಕ್ಯಾಥೊಲಿಕ್ ಧರ್ಮಸಭೆ ಕಟ್ಟಿದ ಕಾಲೇಜು. ಇಲ್ಲಿಯೂ ಸಮುದಾಯದ ಅಭ್ಯರ್ಥಿಗಳಿಗೆ ಹೆಚ್ಚು ಸೀಟು, ಗ್ರಾಮೀಣ ಸೇವೆಯ ಸಂಪ್ರದಾಯ. ಶುಲ್ಕ ಸರ್ಕಾರಿ ಕಾಲೇಜಿಗಿಂತ ಬಹಳ ಹೆಚ್ಚು. ಸಮುದಾಯ ಆರೋಗ್ಯದಲ್ಲಿ ಒಲವಿರುವವರಿಗೆ, ಖಾಸಗಿ ಕಾಲೇಜುಗಳ ಪೈಕಿ ನಾನು ಮೊದಲು ಹೇಳುವ ಹೆಸರು ಇದು.

ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಬೋಧನಾ ಶುಲ್ಕವೇ ಇಲ್ಲ. ಭಾರತೀಯರಿಗೆ 145 ಸೀಟು, ಅದರಲ್ಲಿ 115 ಹುಡುಗರಿಗೆ, 30 ಹುಡುಗಿಯರಿಗೆ. ಎಂಸಿಸಿಯಲ್ಲಿ ಆಸಕ್ತಿ ನೋಂದಾಯಿಸಿದವರಲ್ಲಿ ಆಯ್ದವರನ್ನು ಕರೆದು ಇಂಗ್ಲಿಷ್ ಮತ್ತು ತರ್ಕದ ಪರೀಕ್ಷೆ, ಮನೋವೈಜ್ಞಾನಿಕ ಪರೀಕ್ಷೆ, ಸಂದರ್ಶನ, ವೈದ್ಯಕೀಯ ತಪಾಸಣೆ ಮಾಡುತ್ತಾರೆ. ಪದವಿಯ ನಂತರ ಸೇನೆಯ ವೈದ್ಯಾಧಿಕಾರಿಯಾಗಿ ಸೇವೆ ಕಡ್ಡಾಯ, ಅಲ್ಪಾವಧಿ ಕಮಿಷನ್ ಎಂದರೂ ಏಳು ವರ್ಷ. ಸಮವಸ್ತ್ರದ ಬದುಕನ್ನು ನಿಜವಾಗಿ ಬಯಸುವವರಿಗೆ ಇದಕ್ಕೆ ಸಮಾನವಾದದ್ದಿಲ್ಲ. ಹಣ ಉಳಿಯುತ್ತದೆಂಬ ಒಂದೇ ಕಾರಣಕ್ಕೆ ಯಾರೂ ಇಲ್ಲಿಗೆ ಹೋಗಬಾರದು.

ಖಾಸಗಿ ಕಾಲೇಜು ಮತ್ತು ಡೀಮ್ಡ್ ವಿಶ್ವವಿದ್ಯಾಲಯ

ಕರ್ನಾಟಕದ ಖಾಸಗಿ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಶೇಕಡ 40 ಸರ್ಕಾರಿ ಸೀಟು, ಶೇಕಡ 40 ಖಾಸಗಿ ಸೀಟು, ಉಳಿದವು ಅನಿವಾಸಿ ಭಾರತೀಯ ಮತ್ತು ಇತರ ಸೀಟು. ಇತ್ತೀಚಿನ ದರದಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ ಸುಮಾರು ಒಂದೂವರೆ ಲಕ್ಷ, ಖಾಸಗಿ ಸೀಟಿಗೆ ಹತ್ತು ಲಕ್ಷಕ್ಕೂ ಮೇಲೆ. ಅದೇ ಕಾಲೇಜು, ಅದೇ ಬೆಂಚು. ಬೆಂಗಳೂರಿನಲ್ಲಿಯೇ ಇರಬೇಕಾದ ಅನಿವಾರ್ಯವಿರುವ, ಬೆಂಗಳೂರು ಮೆಡಿಕಲ್ ಕಾಲೇಜು ಸ್ವಲ್ಪದರಲ್ಲಿ ತಪ್ಪಿದ ವಿದ್ಯಾರ್ಥಿಗೆ ಎಂ.ಎಸ್. ರಾಮಯ್ಯ ಅಥವಾ ಕೆಂಪೇಗೌಡ ಸಂಸ್ಥೆಯ ಸರ್ಕಾರಿ ಸೀಟು ಒಪ್ಪತಕ್ಕ ಆಯ್ಕೆ.

ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಸ್ಥಾಪಿಸಿದ ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜು ದೇಶದ ಖಾಸಗಿ ವೈದ್ಯಶಿಕ್ಷಣಕ್ಕೆ ದಾರಿ ತೆರೆದದ್ದು. ಪ್ರಯೋಗಾಲಯ, ಗ್ರಂಥಾಲಯ, ವ್ಯವಸ್ಥೆಯ ಅಚ್ಚುಕಟ್ಟು, ಎಲ್ಲದರಲ್ಲೂ ಅನೇಕ ಸರ್ಕಾರಿ ಕಾಲೇಜುಗಳನ್ನು ಮೀರಿಸುತ್ತದೆ. ಆದರೆ ಡೀಮ್ಡ್ ಸೀಟಿನ ಶುಲ್ಕ ವರ್ಷಕ್ಕೆ ಹದಿನೈದು ಲಕ್ಷ ದಾಟುತ್ತದೆ. ಸರ್ಕಾರಿ ಸೀಟು ಸಿಗುವ ರ‍್ಯಾಂಕ್ ಇದ್ದೂ ಇಲ್ಲಿಗೆ ಬರುವವರಿಗೆ ನಾನು ಹೇಳುವುದಿಷ್ಟು: ಎಂಬಿಬಿಎಸ್ ಮುಗಿಯಲು ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು ವರ್ಷ, ಸ್ನಾತಕೋತ್ತರ ಪದವಿಯಾದ ಎಂಡಿ ಅಥವಾ ಎಂಎಸ್ ಮೂರು ವರ್ಷ, ಆಮೇಲೆ ಸೂಪರ್ ಸ್ಪೆಷಾಲಿಟಿಯ ಡಿಎಂ ಅಥವಾ ಎಂಸಿಎಚ್ ಇನ್ನೂ ಮೂರು. ಮೊದಲ ಮೆಟ್ಟಿಲಿನಲ್ಲಿಯೇ ಮುಕ್ಕಾಲು ಕೋಟಿ ಖರ್ಚು ಮಾಡಿ ಸಾಲ ಹೊತ್ತವನು, ಮುಂದೆ ತನಗೆ ಇಷ್ಟವಾದ ವಿಷಯವನ್ನು ಬಿಟ್ಟು, ಬೇಗ ಸಂಪಾದನೆ ತರುವ ವಿಷಯವನ್ನು ಆರಿಸಿಕೊಳ್ಳುವ ಒತ್ತಡಕ್ಕೆ ಸಿಲುಕುತ್ತಾನೆ. ಒಳ್ಳೆಯ ರ‍್ಯಾಂಕ್ ಕೊಡುವ ನಿಜವಾದ ಸ್ವಾತಂತ್ರ್ಯವೆಂದರೆ ಆ ಒತ್ತಡದಿಂದ ಬಿಡುಗಡೆ. ವಿದೇಶಕ್ಕೆ ಹೋಗಲು ದುಬಾರಿ ಕಾಲೇಜೇ ಬೇಕೆಂಬ ನಂಬಿಕೆಗೂ ಆಧಾರವಿಲ್ಲ. 2023ರಲ್ಲಿ ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗಕ್ಕೆ ವೈದ್ಯಶಿಕ್ಷಣದ ವಿಶ್ವ ಒಕ್ಕೂಟದ ಮಾನ್ಯತೆ ಹತ್ತು ವರ್ಷಗಳ ಅವಧಿಗೆ ದೊರೆತಿದೆ. ಅಮೆರಿಕದಲ್ಲಿ ವೈದ್ಯರಾಗಲು ಬೇಕಾದ ಪರೀಕ್ಷೆ ಬರೆಯಬಯಸುವ ಬಳ್ಳಾರಿಯ ಸರ್ಕಾರಿ ಕಾಲೇಜಿನ ವಿದ್ಯಾರ್ಥಿಗೂ ಅದೇ ಮಾನ್ಯತೆ ಅನ್ವಯಿಸುತ್ತದೆ.

ಶ್ರೇಯಾಂಕಪಟ್ಟಿ ಮತ್ತು ಪಿಜಿಯ ಲೆಕ್ಕ

ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಶ್ರೇಯಾಂಕಪಟ್ಟಿಯನ್ನು ಹಿಡಿದು ಬರುವವರಿಗೆ ಒಂದು ಮಾತು. ಆ ಪಟ್ಟಿಯ ಮೇಲ್ತುದಿಯಲ್ಲಿ ಕಾಣಿಸುವ ಚಂಡೀಗಢದ ಪಿಜಿಐ, ಬೆಂಗಳೂರಿನ ನಿಮ್ಹಾನ್ಸ್, ಲಖನೌದ ಸಂಜಯ್ ಗಾಂಧಿ ಸಂಸ್ಥೆಗಳಲ್ಲಿ ಎಂಬಿಬಿಎಸ್ ಕೋರ್ಸೇ ಇಲ್ಲ. ಸಂಶೋಧನಾ ಪ್ರಕಟಣೆಗಳಿಗೂ ಉನ್ನತ ವ್ಯಾಸಂಗಕ್ಕೂ ಬಹಳ ತೂಕ ಕೊಡುವ ಪಟ್ಟಿಯಿಂದ, ಮೂರನೇ ವರ್ಷದ ವಿದ್ಯಾರ್ಥಿಗೆ ವಾರ್ಡಿನಲ್ಲಿ ಪಾಠ ಹೇಗೆ ನಡೆಯುತ್ತದೆ ಎಂಬುದು ತಿಳಿಯುವುದಿಲ್ಲ. ಸಂಶೋಧನೆಯ ಆಸೆಯಿದ್ದವರಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಲ್ಪಾವಧಿ ವಿದ್ಯಾರ್ಥಿ ಯೋಜನೆ ಯಾವ ಕಾಲೇಜಿನವರಿಗೂ ತೆರೆದಿದೆ. ನೋಡಬೇಕಾದದ್ದು, ಆ ಕಾಲೇಜಿನಲ್ಲಿ ವಿದ್ಯಾರ್ಥಿಗೆ ಮಾರ್ಗದರ್ಶನ ಮಾಡಲು ಸಮಯ ಕೊಡುವ ಅಧ್ಯಾಪಕರಿದ್ದಾರೆಯೇ ಎಂಬುದನ್ನು.

ಪಿಜಿಯ ಲೆಕ್ಕ ಇದಕ್ಕಿಂತ ಮುಖ್ಯ. ಸರ್ಕಾರಿ ಕಾಲೇಜುಗಳ ಪಿಜಿ ಸೀಟುಗಳಲ್ಲಿ ಅರ್ಧ ಅಖಿಲ ಭಾರತ ಕೋಟಾಕ್ಕೆ ಹೋಗುತ್ತವೆ. ಉಳಿದ ಅರ್ಧದ ವಿಷಯದಲ್ಲಿ ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ, ವಾಸಸ್ಥಳದ ಆಧಾರದ ಮೇಲೆ ಪಿಜಿ ಸೀಟು ಮೀಸಲಿಡುವುದು ಸಂವಿಧಾನಬಾಹಿರವೆಂದೂ, ಅದೇ ಸಂಸ್ಥೆಗಳಲ್ಲಿ ಎಂಬಿಬಿಎಸ್ ಓದಿದವರಿಗೆ ಮಿತಿಯೊಳಗೆ ಆದ್ಯತೆ ಕೊಡಬಹುದೆಂದೂ ತೀರ್ಪಿತ್ತಿದೆ. ಇದರ ಅರ್ಥ, ಎಲ್ಲಿ ಹುಟ್ಟಿದೆ ಎಂಬುದಕ್ಕಿಂತ ಎಲ್ಲಿ ಎಂಬಿಬಿಎಸ್ ಓದಿದೆ ಎಂಬುದು ಮುಂದಿನ ಹಂತದಲ್ಲಿ ಹೆಚ್ಚು ಬೆಲೆ ಪಡೆಯಬಹುದು. ಏಮ್ಸ್, ಜಿಪ್ಮರ್, ಪಿಜಿಐ, ನಿಮ್ಹಾನ್ಸ್‌ನಂಥ ಸಂಸ್ಥೆಗಳ ಪಿಜಿಗೆ ವರ್ಷಕ್ಕೆ ಎರಡು ಬಾರಿ ಪ್ರತ್ಯೇಕ ಪ್ರವೇಶ ಪರೀಕ್ಷೆ ನಡೆಯುತ್ತದೆ, ಅದನ್ನು ಯಾವ ಕಾಲೇಜಿನವರೂ ಬರೆಯಬಹುದು. ಹಾಗಾಗಿ ಎಂಬಿಬಿಎಸ್ ಅನ್ನು ಮೈಸೂರಿನಲ್ಲಿ ಓದಿದವರಿಗೆ ಏಮ್ಸ್‌ನ ಬಾಗಿಲು ಮುಚ್ಚಿಹೋಗುವುದಿಲ್ಲ.

ಪಟ್ಟಿ ಬರೆಯುವ ಕ್ರಮ

ಸೀಟು ಹಂಚಿಕೆ ನಡೆಯುವ ರೀತಿ ಸರಳವಾದದ್ದು. ಕಂಪ್ಯೂಟರ್ ಮೇಲಿನ ರ‍್ಯಾಂಕಿನಿಂದ ಆರಂಭಿಸಿ, ಒಬ್ಬೊಬ್ಬರ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುತ್ತ, ಖಾಲಿ ಇರುವ ಮೊದಲ ಸೀಟನ್ನು ಕೊಡುತ್ತದೆ. ಸಿಗಲಾರದ ಕಾಲೇಜನ್ನು ಮೊದಲು ಬರೆದರೆ ಕೆಳಗಿನದು ತಪ್ಪಿಹೋಗುತ್ತದೆ ಎಂಬ ಭಯ ಬಹಳ ಮಂದಿಗಿದೆ, ಅದು ಆಧಾರವಿಲ್ಲದ್ದು. ನಿಜವಾಗಿ ಬೇಕಾದ ಕ್ರಮದಲ್ಲಿಯೇ ಬರೆಯುವುದರಿಂದ ಯಾವ ನಷ್ಟವೂ ಇಲ್ಲ. ನಷ್ಟವಾಗುವುದು, ಹೋಗಲು ಮನಸ್ಸಿಲ್ಲದ ಕಾಲೇಜನ್ನು ಪಟ್ಟಿ ತುಂಬಿಸಲೆಂದು ಸೇರಿಸಿದಾಗ. ಎಂಸಿಸಿಯ ಮೊದಲ ಸುತ್ತಿನಲ್ಲಿ ಬಂದ ಸೀಟಿಗೆ ಸೇರದೆ ಬಿಟ್ಟರೆ ತೊಂದರೆಯಿಲ್ಲ. ಎರಡನೇ ಸುತ್ತಿನಿಂದ ಹಾಗೆ ಬಿಟ್ಟರೆ ಭದ್ರತಾ ಠೇವಣಿ ಹೋಗುತ್ತದೆ. ಅದು ಸಾಮಾನ್ಯ ವರ್ಗಕ್ಕೆ 10,000 ರೂಪಾಯಿ, ಡೀಮ್ಡ್ ಸೀಟುಗಳಿಗೆ ನೋಂದಾಯಿಸಿದ್ದರೆ ಎರಡು ಲಕ್ಷ.

ಕೆಇಎಯ ಪಟ್ಟಿಯಲ್ಲಿ ಒಂದೇ ಖಾಸಗಿ ಕಾಲೇಜು ಸರ್ಕಾರಿ ಸೀಟಾಗಿ ಒಮ್ಮೆ, ಖಾಸಗಿ ಸೀಟಾಗಿ ಇನ್ನೊಮ್ಮೆ ಕಾಣಿಸಿಕೊಳ್ಳುತ್ತದೆ. ಅವಸರದಲ್ಲಿ ಖಾಸಗಿ ಸೀಟನ್ನು ಸರ್ಕಾರಿ ಕಾಲೇಜುಗಳಿಗಿಂತ ಮೇಲೆ ಒತ್ತಿಬಿಟ್ಟ ಒಬ್ಬ ವಿದ್ಯಾರ್ಥಿನಿಯ ಮನೆಯವರು ಒಂದು ವಾರ ನಿದ್ದೆಗೆಟ್ಟದ್ದನ್ನು ನಾನೇ ಕಂಡಿದ್ದೇನೆ. ಆದ್ದರಿಂದ ಮೊದಲು ಕಾಗದದ ಮೇಲೆ ಶುಲ್ಕದ ಕಾಲಂ ಸಹಿತ ಬರೆದು, ಮನೆಯಲ್ಲಿ ಓದಿ ಕೇಳಿಸಿ, ಅಣಕು ಹಂಚಿಕೆಯ ಫಲಿತಾಂಶ ನೋಡಿ, ಅನಂತರ ಅಂತಿಮಗೊಳಿಸಬೇಕು. ಸೀಟು ಬಂದ ಮೇಲೆ ಕೆಇಎ ಮುಂದಿಡುವ ಆಯ್ಕೆಗಳಲ್ಲಿ ಮೊದಲನೆಯದು ತೃಪ್ತಿಯಾಗಿದೆ, ಸೇರುತ್ತೇನೆ ಎಂಬುದು. ಎರಡನೆಯದು ಸೀಟನ್ನು ಉಳಿಸಿಕೊಂಡೇ ಮುಂದಿನ ಸುತ್ತಿಗೆ ಹೋಗುವುದು. ಮೂರನೆಯದು ಸೀಟನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ಎಂಸಿಸಿಯಲ್ಲಿ ಮೇಲಿನ ಸೀಟಿನ ಭರವಸೆ ಇರುವವರಿಗೂ ಎರಡನೆಯದೇ ಕ್ಷೇಮ. ಎರಡೂ ಕಡೆಯ ಮಾಹಿತಿ ಪರಸ್ಪರ ಹಂಚಿಕೆಯಾಗುವುದರಿಂದ, ಎರಡು ಸೀಟುಗಳನ್ನು ಕೊನೆಯ ಸುತ್ತಿನವರೆಗೆ ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ, ಹಾಗೆ ಹಿಡಿದಿಡುವುದು ಬೇರೊಬ್ಬರ ಸೀಟನ್ನು ತಡೆದಂತೆಯೂ ಹೌದು.

ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ವ್ಯಾಸಂಗ ಪ್ರಮಾಣಪತ್ರಗಳಿಗೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ಒಂದರಿಂದ ಹತ್ತರವರೆಗೆ ಎರಡು ಮೂರು ಶಾಲೆ ಬದಲಿಸಿದವರಿಗೆ ಅವನ್ನು ಒಟ್ಟುಮಾಡಲು ಹದಿನೈದು ದಿನವಾದರೂ ಹಿಡಿಯುತ್ತದೆ. ಕೆಇಎಗೆ ಅರ್ಜಿ ತುಂಬುವ ಹೊತ್ತಿಗೆ, ಅಂದರೆ ನೀಟ್ ಪರೀಕ್ಷೆಗೂ ಮೊದಲೇ, ಈ ಕಾಗದಗಳು ಕೈಯಲ್ಲಿರಲಿ. ಕೇಂದ್ರದ ನಮೂನೆಯ ಜಾತಿ ಅಥವಾ ಆದಾಯ ಪ್ರಮಾಣಪತ್ರವನ್ನು ತಹಶೀಲ್ದಾರರ ಕಚೇರಿಯಿಂದ ಬೇರೆಯಾಗಿಯೇ ಮಾಡಿಸಬೇಕು, ರಾಜ್ಯದ ನಮೂನೆಯನ್ನು ಎಂಸಿಸಿ ಒಪ್ಪುವುದಿಲ್ಲ.